ಹಳೆ ಸಾಲಕ್ಕೆ ಹೊಸ ಫೋನ್ ಕರೆ: ಸಹಿ ಹಾಕುವ ಮುನ್ನ ಯೋಚಿಸಿ

ಹತ್ತು ವರ್ಷದ ಹಿಂದೆ ಅಂಗಡಿಗೆಂದು ತೆಗೆದ ಸಾಲ. ಅಂಗಡಿ ಮುಚ್ಚಿತು, ಕಂತು ನಿಂತಿತು, ಬ್ಯಾಂಕಿನವರೂ ಸುಮ್ಮನಾದರು. ಈಗ ಯಾರೋ ಗುರುತಿಲ್ಲದವರ ಫೋನ್: "ಕಾಕಾ, ನಿಮ್ಮ ಮೇಲೆ ಕೇಸ್ ಆಗ್ತದೆ. ಒಂದು ಪೇಪರ್ ಕಳಿಸ್ತೇವೆ, ಸಹಿ ಮಾಡಿ. ಈಗ ಐದು ಸಾವಿರ ಹಾಕಿ, ಉಳಿದದ್ದು ನಿಧಾನ ಕೊಡಿ." ಮಂಜೇಶ್ವರ, ಉಪ್ಪಳ, ಕುಂಬಳೆಯ ಯಾವ ಮನೆಗಾದರೂ ಬರಬಹುದಾದ ಕರೆ ಇದು. ಮಾನಕ್ಕೆ ಹೆದರಿ ಸಹಿ ಹಾಕಿಬಿಡುವುದೇ ಇಲ್ಲಿರುವ ದೊಡ್ಡ ಅಪಾಯ.

ಕಾರಣ ಕಾನೂನಿನಲ್ಲೇ ಇದೆ. 1963ರ ಕಾಲಮಿತಿ ಕಾಯ್ದೆ ಪ್ರಕಾರ, ಅಡಮಾನವಿಲ್ಲದ ಸಾಲಕ್ಕೆ ಸಾಮಾನ್ಯವಾಗಿ ಹಣ ಕಟ್ಟಬೇಕಿದ್ದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಆ ಅವಧಿಯೊಳಗೆ ನೀವು ಸಾಲ ಒಪ್ಪಿ ಬರೆದು ಸಹಿ ಹಾಕಿದರೆ, ಇಲ್ಲವೇ ಸ್ವಲ್ಪ ಹಣ ಕಟ್ಟಿದರೆ, 3 ವರ್ಷದ ಲೆಕ್ಕ ಮತ್ತೆ ಮೊದಲಿನಿಂದ ಶುರು. ಅವಧಿ ಮುಗಿದ ಮೇಲೆ ಕೋರ್ಟು ಅಂತಹ ದಾವೆಯನ್ನು ವಜಾ ಮಾಡಬೇಕು.

ಆದರೆ ಒಂದು ಬಾಗಿಲು ತೆರೆದೇ ಇರುತ್ತದೆ. 1872ರ ಕರಾರು ಕಾಯ್ದೆಯ 25(3)ನೇ ಕಲಂ ಪ್ರಕಾರ, ಅವಧಿ ಮೀರಿದ ಸಾಲವನ್ನೂ "ಕೊಡುತ್ತೇನೆ" ಎಂದು ಬರೆದು ಸಹಿ ಹಾಕಿದರೆ ಅದು ಹೊಸ ಕರಾರು. ಸತ್ತ ಕೇಸಿಗೆ ನೀವೇ ಜೀವ ಕೊಟ್ಟ ಹಾಗೆ. ಏಜೆಂಟ್ ತರುವ 'ಸೆಟ್ಲ್‌ಮೆಂಟ್' ಕಾಗದದಲ್ಲಿ ಇಂತಹ ಒಂದು ಸಾಲು ಇದ್ದರೆ ಸಾಕು. ಓದಲು ಬಾರದ ಮಲಯಾಳಂ ಕಾಗದಕ್ಕಂತೂ ಸಹಿ ಬೇಡವೇ ಬೇಡ. ವಾಟ್ಸ್ಯಾಪ್‌ನಲ್ಲೂ "ಕೊಡ್ತೇನೆ" ಎಂದು ಬರೆಯಬೇಡಿ.

ನಮ್ಮ ಕಡೆ ಹೆಚ್ಚು ಹೆದರಿಸುವ ಪದ 'ಜಪ್ತಿ'. ಕೇರಳದ ರೆವೆನ್ಯೂ ರಿಕವರಿ ಕಾಯ್ದೆಯಡಿ ಅವಧಿ ಮೀರಿದ ಸಾಲವನ್ನು ವಸೂಲಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ, ಕೇರಳ ಸರ್ಕಾರ ಮತ್ತು ವಿ.ಆರ್. ಕಲ್ಯಾಣಿಕುಟ್ಟಿ ಪ್ರಕರಣದಲ್ಲಿ, ತೀರ್ಪು ಕೊಟ್ಟಿದೆ. ನೋಟಿಸು ಬಂದರೆ ಆಕ್ಷೇಪವನ್ನು ಬರಹದಲ್ಲಿ ಸಲ್ಲಿಸಿ.

ಹಾಗೆಂದು ಎಲ್ಲ ಹಳೆ ಸಾಲವೂ ಹೀಗಲ್ಲ. ಜಾಗ ಅಡಮಾನವಿದ್ದರೆ ಹಣ ವಸೂಲಿಯ ದಾವೆಗೆ 12 ವರ್ಷ. ಕೋರ್ಟು ಡಿಕ್ರಿ ಆಗಿದ್ದರೆ ಅದರ ಜಾರಿಗೂ 12 ವರ್ಷ. ಒತ್ತೆಯಿಟ್ಟ ಚಿನ್ನವೋ ಎಫ್‌ಡಿಯೋ ಬ್ಯಾಂಕಿನ ಕೈಯಲ್ಲಿದ್ದರೆ ಲೆಕ್ಕ ಬೇರೆ.

ಗಲ್ಫ್ ಸಾಲದ್ದು ಇನ್ನೊಂದು ಕಥೆ. 2020ರ ಜನವರಿಯ ಕೇಂದ್ರ ಅಧಿಸೂಚನೆಯಿಂದಾಗಿ ಯುಎಇಯ ಸಿವಿಲ್ ಕೋರ್ಟುಗಳ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ಕೋರ್ಟಿನಲ್ಲಿ ಜಾರಿ ಮಾಡಿಸಬಹುದು. ಇಂತಹ ವಿದೇಶಿ ಡಿಕ್ರಿಗೆ ಆ ದೇಶದ ಕಾಲಮಿತಿಯೇ ಅನ್ವಯ ಎಂದು ಅದೇ ವರ್ಷ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ "ಊರಿಗೆ ಬಂದು ಮೂರು ವರ್ಷ ಆಯ್ತಲ್ಲ" ಎಂಬ ಧೈರ್ಯ ಸಾಲದು. ಆದರೆ ಏಜೆಂಟ್‌ನ ಫೋನ್ ಡಿಕ್ರಿಯಲ್ಲ. ಡಿಕ್ರಿಯ ಪ್ರತಿ ಕೇಳಿ.

ಕರೆ ಬಂದಾಗ ಏನು ಮಾಡಬೇಕು? ಸಾಲ ಯಾರದ್ದು, ಕೊನೆಯ ಪಾವತಿ ಯಾವಾಗ, ಏಜೆಂಟ್‌ಗೆ ಅಧಿಕಾರ ಕೊಟ್ಟವರು ಯಾರು ಎಂದು ಬರಹದಲ್ಲಿ ಕೇಳಿ. ರಿಸರ್ವ್ ಬ್ಯಾಂಕಿನ 2022ರ ಸುತ್ತೋಲೆ ಪ್ರಕಾರ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಬೆದರಿಕೆ, ಅವಮಾನ ಸಲ್ಲದು. ಮೊದಲು ಬ್ಯಾಂಕಿಗೆ ದೂರು ಕೊಡಿ, 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಿ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಒಂದು ಮಾತು ನೆನಪಿರಲಿ: ನಿಜವಾದ ಕೋರ್ಟು ಸಮನ್ಸ್ ಬಂದರೆ ಸುಮ್ಮನೆ ಕೂರಬೇಡಿ, ಹಾಜರಾಗಿ ಕಾಲಮಿತಿಯ ವಾದ ಮುಂದಿಡಿ.

ತೀರಿಹೋದ ತಂದೆಯ ಸಾಲಕ್ಕೆ ಮಕ್ಕಳು ಹೊಣೆಯಾಗುವುದು ಅವರಿಂದ ಬಂದ ಆಸ್ತಿಯ ಮಿತಿಯಲ್ಲಿ ಮಾತ್ರ. ಇದನ್ನೂ ಯುವಕರು ತಿಳಿದಿರಬೇಕು.

ಇಷ್ಟೆಲ್ಲ ಹೇಳಿದ್ದು ಸಾಲ ಮುಳುಗಿಸಿ ಎಂದಲ್ಲ. ಕಾಲಮಿತಿ ಮುಗಿದರೆ ದಾವೆಯ ಹಕ್ಕು ಹೋಗುತ್ತದೆ, ಸಾಲ ಅಳಿಯುವುದಿಲ್ಲ. ಋಣ ತೀರಿಸಿಯೇ ಹೋಗಬೇಕೆನ್ನುವವರು ಖಂಡಿತ ತೀರಿಸಲಿ. ಆದರೆ ಸಾಲ ಕೊಟ್ಟವರ ಬಳಿಯೇ ಮಾತಾಡಿ, ಮೊತ್ತ ನಿಗದಿ ಮಾಡಿ, 'ಬಾಕಿ ಇಲ್ಲ' ಎಂಬ ಪತ್ರ ಪಡೆದು ತೀರಿಸಲಿ. ಫೋನಿನಲ್ಲಿ ಗದರುವವನ ಕೈಗೆ ಸಹಿ ಕೊಟ್ಟಲ್ಲ.