ವೈಶಾಲಿಯ ಪುಷ್ಕರಿಣಿ ಮತ್ತು ಪದವೀಧರರ ಮತ

ಚುನಾವಣೆ ಹತ್ತಿರವಾದಾಗಲೆಲ್ಲ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಹೆಬ್ಬೆಟ್ಟು ಒತ್ತುವವರಿಗೂ ಮತಾಧಿಕಾರ ಕೊಟ್ಟದ್ದೇ ದೇಶದ ದುರ್ಗತಿಗೆ ಮೂಲ; ಶಾಸಕರನ್ನು ಆರಿಸುವ ಹೊಣೆ ತಿಳಿದವರ ಕೈಯಲ್ಲಿರಬೇಕಿತ್ತು. ಈ ವಾದಕ್ಕೆ ಪ್ರಾಚೀನ ಭಾರತದ ಸಾಕ್ಷ್ಯವನ್ನೂ ತರುವುದುಂಟು. ಜೈನರಾದ ನಾವಂತೂ ವೈಶಾಲಿಯನ್ನು ಜಗತ್ತಿನ ಮೊದಲ ಗಣರಾಜ್ಯವೆಂದು ಕರೆದು ಹೆಮ್ಮೆಪಡುತ್ತೇವೆ. ಆ ಹೆಮ್ಮೆಯನ್ನು ಒಮ್ಮೆ ಪರೀಕ್ಷಿಸಿ ನೋಡೋಣ.

ವಜ್ಜಿ ಒಕ್ಕೂಟದಲ್ಲಿ ಏಕಾಧಿಪತ್ಯವಿರಲಿಲ್ಲ. ಸಭೆ ಸೇರಿ, ಚರ್ಚಿಸಿ ನಿರ್ಣಯಿಸುತ್ತಿದ್ದರು. ಅದು ಸಣ್ಣ ಸಂಗತಿಯಲ್ಲ. ಆದರೆ ಸಭೆಯಲ್ಲಿ ಕುಳಿತವರು ಯಾರು? ಮಹಾವೀರರ ನಿರ್ವಾಣದ ರಾತ್ರಿಯನ್ನು ಹೇಳುವ ಕಲ್ಪಸೂತ್ರವು ಒಂಬತ್ತು ಮಲ್ಲಕಿ, ಒಂಬತ್ತು ಲಿಚ್ಛವಿ ಗಣರಾಜರನ್ನು ನೆನೆಯುತ್ತದೆ. ಬೌದ್ಧ ಜಾತಕಗಳು ವೈಶಾಲಿಯಲ್ಲಿ 7,707 ರಾಜರಿದ್ದರೆನ್ನುತ್ತವೆ. ಸಂಖ್ಯೆ ಸಾಂಪ್ರದಾಯಿಕವಾದರೂ ಅದರ ಇಂಗಿತ ಸ್ಪಷ್ಟ: ಆಳುವ ಹಕ್ಕು ಕ್ಷತ್ರಿಯ ಕುಲಗಳ ಮುಖ್ಯಸ್ಥರದು. ಅವರ ಅಭಿಷೇಕಕ್ಕೆಂದೇ ಮೀಸಲಾದ ಪುಷ್ಕರಿಣಿಯೊಂದು ಅಲ್ಲಿತ್ತಂತೆ. ಸುತ್ತಲೂ ಕಾವಲು, ಹಕ್ಕಿಯೂ ಇಳಿಯದಂತೆ ಮೇಲೆ ಕಬ್ಬಿಣದ ಬಲೆ. ಹೊಲ ಉಳುವ ದಾಸ, ಕರ್ಮಕರರು ಆ ನೀರನ್ನು ಮುಟ್ಟಲಾರರು. ಹತ್ತನೆಯ ಶತಮಾನದ ಉತ್ತರಮೇರೂರಿನ ಶಾಸನವೂ ಬೇರೇನನ್ನೂ ಹೇಳುವುದಿಲ್ಲ. ಕೊಡದಿಂದ ಓಲೆ ಎತ್ತಿ ಸದಸ್ಯರನ್ನು ಆರಿಸುವ ಕ್ರಮ ಅಲ್ಲಿತ್ತು, ನಿಜ; ಆದರೆ ಆ ಓಲೆಯಲ್ಲಿ ಹೆಸರು ಬರಬೇಕಾದರೆ ತೆರಿಗೆ ತೆರುವ ಭೂಮಿ, ಸ್ವಂತ ಮನೆ, ವೇದಜ್ಞಾನ ಇರಬೇಕಿತ್ತು.

ನಮ್ಮ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯೂ ಇದೇ ಜಾಡಿನದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೊದಲು ಸೇರಿದ ಆ ಸಭೆ ದೇಶೀಯ ಸಂಸ್ಥಾನಗಳಿಗೆ ಮಾದರಿಯಾಯಿತು. ಆದರೂ ಅಲ್ಲಿದ್ದ 144 ಮಂದಿ ಮುಖ್ಯವಾಗಿ ಜಮೀನುದಾರರು, ವ್ಯಾಪಾರಿಗಳು, ಯಾರೂ ಚುನಾಯಿತರಲ್ಲ.

ಈ ಪರಂಪರೆಯನ್ನು ಮುರಿದದ್ದು ನಮ್ಮ ಸಂವಿಧಾನ. ವಿಪರ್ಯಾಸವೆಂದರೆ, ಸಂವಿಧಾನ ರಚನಾ ಸಭೆಯೇ ಪರೋಕ್ಷವಾಗಿ ಆಯ್ಕೆಯಾದದ್ದು. ಅದರ ಸದಸ್ಯರಲ್ಲಿ ಹೆಚ್ಚಿನವರನ್ನು ಆರಿಸಿದ ಪ್ರಾಂತೀಯ ಶಾಸನಸಭೆಗಳು ಆಸ್ತಿ, ತೆರಿಗೆ, ವಿದ್ಯೆಗಳ ಕಟ್ಟಳೆಯಿದ್ದ ಮತದಾರರಿಂದ ಬಂದವು. ಆ ಸಭೆ ತನ್ನನ್ನು ಹುಟ್ಟಿಸಿದ ಕಟ್ಟಳೆಯನ್ನೇ ಕಿತ್ತೊಗೆಯಿತು. 1951ರಲ್ಲಿ ಈ ದೇಶದ ಸಾಕ್ಷರರು ನೂರಕ್ಕೆ ಸುಮಾರು 18 ಮಂದಿ. ಮೊದಲು ಅಕ್ಷರ, ಆಮೇಲೆ ಮತ ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. 17 ಕೋಟಿಗೂ ಹೆಚ್ಚು ಜನರ ಹೆಸರು ಮತಪಟ್ಟಿಗೆ ಸೇರಿತು.

ಆದರೆ ಹಳೆಯ ಪುಷ್ಕರಿಣಿಯ ಒಂದು ಮೂಲೆಯನ್ನು ಅವರು ಉಳಿಸಿದರು. 171ನೆಯ ವಿಧಿಯ ಪ್ರಕಾರ ವಿಧಾನ ಪರಿಷತ್ತಿನಲ್ಲಿ ಪದವೀಧರರಿಗೂ ಶಿಕ್ಷಕರಿಗೂ ಪ್ರತ್ಯೇಕ ಕ್ಷೇತ್ರಗಳಿವೆ. ಕರ್ನಾಟಕದ 75 ಸ್ಥಾನಗಳಲ್ಲಿ ತಲಾ ಏಳು ಇವರವು. ಹೀಗಾಗಿ ವಿಧಾನಮಂಡಲಕ್ಕೆ ಪ್ರತಿನಿಧಿಗಳನ್ನು ಕಳಿಸಲು ನನಗೆ ಮೂರು ಮತಗಳು. ನನ್ನ ಕಾಲೇಜಿನ ಅಂಗಳ ಗುಡಿಸುವ ಹೆಂಗಸಿಗೆ ಒಂದು. ವಿಶ್ವವಿದ್ಯಾಲಯ ಕ್ಷೇತ್ರಗಳೆಂಬ ಕಲ್ಪನೆಯನ್ನು ನಮಗೆ ತೋರಿಸಿದ ಬ್ರಿಟನ್, 1948ರ ಕಾಯಿದೆಯಿಂದ ಅವುಗಳನ್ನು ರದ್ದುಮಾಡಿತು. ನಾವು ಜೋಪಾನ ಮಾಡಿಕೊಂಡಿದ್ದೇವೆ.

ವಿದ್ಯಾವಂತರ ಮತ ರಾಜಕೀಯವನ್ನು ಶುದ್ಧಗೊಳಿಸುತ್ತದೆ ಎಂಬುದು ನಿಜವಾಗಿದ್ದರೆ ಅದರ ಗುರುತು ಈ ಕ್ಷೇತ್ರಗಳಲ್ಲಿ ಕಾಣಬೇಕಿತ್ತು. ನಾನು ಕಂಡದ್ದು ಅದೇ ಪಕ್ಷ, ಅದೇ ಜಾತಿಯ ಲೆಕ್ಕಾಚಾರ, ಅದೇ ಔತಣ. ಜೊತೆಗೆ ವೇತನಶ್ರೇಣಿಯ ಭರವಸೆ. ಮತದಾರರು ಕಡಮೆಯಾದಷ್ಟೂ ಅವರನ್ನು ಒಲಿಸುವುದು ಸುಲಭ. ರಾಜ್ಯಸಭೆಯ ಚುನಾವಣೆ ಬಂದಾಗ ಶಾಸಕರನ್ನು ರೆಸಾರ್ಟಿಗೆ ಒಯ್ಯುವುದನ್ನು ನೋಡಿದ್ದೇವೆ. ಒಂದು ತಾಲೂಕಿನ ಜನರನ್ನು ಹಾಗೆ ಕೂಡಿಹಾಕಲು ಯಾವ ರೆಸಾರ್ಟೂ ಸಾಲದು. ಆಯ್ದ ಕೆಲವರ ವಿವೇಕವನ್ನು ನಂಬಿ ರೂಪಿಸಿದ ಈ ಚುನಾವಣೆಗೆ 2003ರಲ್ಲಿ ಬಹಿರಂಗ ಮತದಾನ ತರಬೇಕಾದದ್ದೇ ಆ ನಂಬಿಕೆಯ ಸೋಲು.

ನೇರ ಚುನಾವಣೆಯಲ್ಲಿ ಹಣ ಹಂಚುವುದಿಲ್ಲವೆ ಎಂದು ಕೇಳಬಹುದು. ಹಂಚುತ್ತಾರೆ. ಆದರೆ ಹಣ ಪಡೆದವನ ತಪ್ಪನ್ನು ಎತ್ತಿ ಹೇಳುವಾಗ, ಹಂಚಿದವನು ಹೆಚ್ಚಾಗಿ ಪದವೀಧರನೇ ಎಂಬುದನ್ನು ಮರೆಯುತ್ತೇವೆ. ಓದಿಗೂ ಪ್ರಾಮಾಣಿಕತೆಗೂ ನಂಟು ಕಲ್ಪಿಸುವ ಭ್ರಮೆ ನಮ್ಮ ವರ್ಗದ್ದು. ಹರಿಯಾಣವು ಪಂಚಾಯತಿ ಅಭ್ಯರ್ಥಿಗಳಿಗೆ ವಿಧಿಸಿದ ವಿದ್ಯಾರ್ಹತೆಯನ್ನು 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಶಾಲೆ ಕೊಡದ ಸರ್ಕಾರದ ತಪ್ಪಿಗೆ ಶಾಲೆ ಕಾಣದ ಹೆಂಗಸು ದಂಡ ತೆತ್ತಳು. ಇಂಥದೇ ನಿಯಮ ತಂದಿದ್ದ ರಾಜಸ್ಥಾನ 2019ರಲ್ಲಿ ಅದನ್ನು ಕೈಬಿಟ್ಟದ್ದು ಸಮಾಧಾನದ ಸಂಗತಿ.

ಮತವೆಂಬುದು ಜಾಣ್ಮೆಗೆ ಸಿಗುವ ಬಹುಮಾನವಲ್ಲ. ಕಾನೂನು ಯಾರ ಬೆನ್ನ ಮೇಲೆ ಬೀಳುತ್ತದೆಯೋ ಅವರಿಗೆ ಅದನ್ನು ಮಾಡುವವರನ್ನು ಆರಿಸುವ, ಇಳಿಸುವ ಹಕ್ಕಿರಬೇಕು. ವೈಶಾಲಿಯ ಸಭೆಯಿಂದ ನಾವು ಪಡೆಯಬೇಕಾದದ್ದಕ್ಕಿಂತ ಹೆಚ್ಚಿನದು ವೈಶಾಲಿಯ ಮಗನಿಂದ ದೊರೆಯುತ್ತದೆ. ವಸ್ತುವಿನ ಎಲ್ಲ ಮುಖಗಳೂ ಒಬ್ಬನ ನೋಟಕ್ಕೆ ಸಿಕ್ಕಲಾರವು ಎನ್ನುತ್ತದೆ ಅನೇಕಾಂತ. ಪಡಿತರದ ಅಕ್ಕಿಯ ತೂಕ, ಕೂಲಿಯ ದರ, ಬತ್ತಿದ ಬೋರ್‌ವೆಲ್, ಇವುಗಳ ಒಂದು ಮುಖ ಪಿಎಚ್.ಡಿ. ಪಡೆದ ನನಗೆ ಕಾಣುವುದೇ ಇಲ್ಲ. ಅಂಗಳ ಗುಡಿಸುವವಳಿಗೆ ಕಾಣುತ್ತದೆ. ಅನೇಕಾಂತವನ್ನು ಬಸದಿಯಲ್ಲಿ ಪ್ರವಚನ ಮಾಡಿ, ಮತಗಟ್ಟೆಯಲ್ಲಿ ಏಕಾಂತವಾದಿಗಳಾಗುವುದು ನಮಗೆ ಒಪ್ಪುವುದಿಲ್ಲ.

ಆದ್ದರಿಂದ ಪದವೀಧರರ, ಶಿಕ್ಷಕರ ಕ್ಷೇತ್ರಗಳನ್ನು ರದ್ದುಪಡಿಸಬೇಕೆಂದು ಕೇಳುವ ಮೊದಲಿಗರು ಪದವೀಧರರೂ ಶಿಕ್ಷಕರೂ ಆಗಬೇಕು. ನನ್ನ ಮೂರರಲ್ಲಿ ಎರಡನ್ನು ಬಿಟ್ಟುಕೊಡಲು ನಾನು ಸಿದ್ಧ. ಅಪರಿಗ್ರಹವೆಂಬುದು ಹಣಕ್ಕೆ ಮಾತ್ರ ಅನ್ವಯಿಸುವ ವ್ರತವಲ್ಲ.