ಚಿಕಿತ್ಸೆಯ ದಿನಗಳನ್ನೂ ಎಣಿಸಬೇಕು

ವಿಕಿರಣ ಚಿಕಿತ್ಸೆಯ ಮುನ್ನಡೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಯಂತ್ರಗಳನ್ನೇ ಬಣ್ಣಿಸುತ್ತಾರೆ. 1951ರಲ್ಲಿ ಕೆನಡಾ ದೇಶದಲ್ಲಿ ಬಳಕೆಗೆ ಬಂದ ಕೋಬಾಲ್ಟ್ ಯಂತ್ರ, ಅನಂತರದ ರೇಖೀಯ ವೇಗವರ್ಧಕ, 2019ರಲ್ಲಿ ಚೆನ್ನೈಯಲ್ಲಿ ಆರಂಭವಾದ ಪ್ರೋಟಾನ್ ಚಿಕಿತ್ಸೆ, ಇವೆಲ್ಲ ಭೌತವಿಜ್ಞಾನದ ವಿದ್ಯಾರ್ಥಿಗೆ ಹೆಮ್ಮೆ ತರತಕ್ಕವೇ ಸರಿ. ಆದರೆ ಶಹಾಪುರ ತಾಲ್ಲೂಕಿನ ವನದುರ್ಗದಲ್ಲಿ ನಿಂತು ನೋಡಿದರೆ, ಈ ಮುನ್ನಡೆಯನ್ನು ಅಳೆಯಲು ಮತ್ತೊಂದು ಮಾನವೂ ಬೇಕೆಂದು ನಮಗೆ ತೋರುತ್ತದೆ. ಅದು ದಿನಗಳ ಎಣಿಕೆ.

ಅರ್ಬುದ ರೋಗಕ್ಕೆ ವಿಕಿರಣವನ್ನು ಒಂದೇ ಸಲ ಕೊಟ್ಟು ಮುಗಿಸಬಾರದೇಕೆ? ಒಂದು ಕಿಲೋಗ್ರಾಂ ಅಂಗಾಂಶವು ಒಂದು ಜೂಲ್ ಶಕ್ತಿಯನ್ನು ಹೀರಿದರೆ ಅದನ್ನು ಒಂದು ಗ್ರೇ ಎನ್ನುವರು. ವಾಡಿಕೆಯ ಕ್ರಮದಲ್ಲಿ ದಿನಕ್ಕೆ ಕೊಡುವುದು 2 ಗ್ರೇ. ಇಷ್ಟು ಶಕ್ತಿಯಿಂದ ನೀರಿನ ಉಷ್ಣತೆಯು ಒಂದು ಡಿಗ್ರಿಯ ಎರಡು ಸಾವಿರದಲ್ಲೊಂದು ಪಾಲಿನಷ್ಟೂ ಏರದು! ಜನರು ಇದನ್ನು ‘ಕರೆಂಟು ಕೊಡುವುದು’ ಎನ್ನುತ್ತಾರೆ. ರೋಗಿಯ ದೇಹದಲ್ಲಿ ವಿದ್ಯುತ್ತು ಹರಿಯುವುದೂ ಇಲ್ಲ, ಗಂತಿಯು ಶಾಖದಿಂದ ಬೇಯುವುದೂ ಇಲ್ಲ. ಕಿರಣವು ಜೀವಕೋಶದೊಳಗಿನ ಡಿ.ಎನ್.ಎ. ಎಳೆಗಳನ್ನು ತುಂಡರಿಸುತ್ತದೆ. ಆರೋಗ್ಯವಾದ ಕೋಶಗಳು ಮರುದಿನದೊಳಗೆ ಈ ಹಾನಿಯನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳುವುವು. ರೋಗದ ಕೋಶಗಳಿಗೆ ಆ ಸಾಮರ್ಥ್ಯ ಕಡಿಮೆ. ಆದುದರಿಂದಲೇ ಕಂತುಗಳು.

ಬಾಯಿ, ಗಂಟಲುಗಳ ಅರ್ಬುದಕ್ಕೆ ಈ ಕ್ರಮದಲ್ಲಿ ಸುಮಾರು 35 ಕಂತುಗಳಾಗುತ್ತವೆ. ವಾರಕ್ಕೆ ಐದರಂತೆ ಏಳು ವಾರ. 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯು ಬೆಂಗಳೂರಿನಲ್ಲಿದೆ. ಅದರ ಶಾಖೆ ಕಲಬುರಗಿಯಲ್ಲುಂಟು. ಕಲಬುರಗಿಯಾದರೂ ದಿನವೂ ಹೋಗಿ ಬರುವಷ್ಟು ಹತ್ತಿರವಲ್ಲ. ಕಂತೊಂದಕ್ಕೆ ಹಿಡಿಯುವುದು ಕೆಲವೇ ನಿಮಿಷ. ಅದಕ್ಕಾಗಿ ವನದುರ್ಗದ ಕೂಲಿಯ ಹೆಣ್ಣುಮಗಳು ಹತ್ತಿ ಬಿಡಿಸುವ ಕಾಲದಲ್ಲಿ ಏಳು ವಾರ ಊರು ಬಿಡಬೇಕು. ಜೊತೆಗೊಬ್ಬರ ಕೂಲಿಯೂ ಹೋಗಬೇಕು. ನಡುವೆ ಬಿಟ್ಟು ಬಂದರೆ ಅಳಿದುಳಿದ ಕೋಶಗಳು ಮತ್ತೆ ಬೆಳೆಯುವುವು.

ಈ ದೃಷ್ಟಿಯಿಂದ, 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯೊಂದನ್ನು ನಾವು ಯಾವ ಹೊಸ ಯಂತ್ರಕ್ಕೂ ಕಡಿಮೆಯೆಂದು ಎಣಿಸುವುದಿಲ್ಲ. ಸ್ತನದ ಅರ್ಬುದಕ್ಕೆ ಆರಂಭದ ಹಂತದಲ್ಲೇ ಶಸ್ತ್ರಚಿಕಿತ್ಸೆಯಾದವರಿಗೆ ಹಿಂದೆ 25 ಕಂತುಗಳನ್ನು ಕೊಡುತ್ತಿದ್ದರು. ಅನಂತರ ಅದು 15ಕ್ಕೆ ಇಳಿಯಿತು. ಈ ಪರೀಕ್ಷೆಯಲ್ಲಿ 15 ಕಂತುಗಳ 40 ಗ್ರೇಗೆ ಬದಲಾಗಿ ಒಂದೇ ವಾರದ 5 ಕಂತುಗಳಲ್ಲಿ 26 ಗ್ರೇ ಕೊಡಲಾಯಿತು. ಐದು ವರ್ಷ ಕಳೆದರೂ ಆ ಭಾಗದಲ್ಲಿ ರೋಗ ಮರುಕಳಿಸುವುದು ಹೆಚ್ಚಿರಲಿಲ್ಲ. ಕಂತು ದೊಡ್ಡದಾದಷ್ಟೂ ಪ್ರತಿ ಗ್ರೇಯ ಪರಿಣಾಮ ಹೆಚ್ಚು. ಆದಕಾರಣ ಒಟ್ಟು ಮೊತ್ತವನ್ನು ತಗ್ಗಿಸಬೇಕಾಯಿತು. ಕಿರಣವನ್ನು ಗುರಿತಪ್ಪದಂತೆ ಹಾಯಿಸುವ ಕೌಶಲವಿಲ್ಲದೆ ಇಂಥ ದೊಡ್ಡ ಕಂತುಗಳನ್ನು ಕೊಡುವುದು ಅಪಾಯಕರವೆಂಬುದೂ ನಿಜ. ಯಂತ್ರದ ನಿಖರತೆಯು ಹಳ್ಳಿಯ ರೋಗಿಗೆ ದಿನಗಳಾಗಿ ಒದಗುವುದು ಹೀಗೆ.

ಬಾಯಿ, ಗಂಟಲುಗಳ ವಿಷಯದಲ್ಲಿ ಇಷ್ಟು ಸುಲಭದ ಮಾರ್ಗ ಇನ್ನೂ ದೊರೆತಿಲ್ಲ. ಅಲ್ಲಿಯವರೆಗೆ, ಯಂತ್ರವನ್ನು ಕೊಳ್ಳುವಾಗಲೇ ದೂರದ ರೋಗಿಗೂ ಜೊತೆಯವರಿಗೂ ಏಳು ವಾರದ ವಸತಿ, ಊಟ, ಬಸ್ಸಿನ ಖರ್ಚುಗಳನ್ನು ಅದರ ಬೆಲೆಯೊಳಗೇ ಸೇರಿಸಬೇಕೆಂದು ನಾವು ಹೇಳುತ್ತೇವೆ. ಅರ್ಧಕ್ಕೆ ನಿಂತ ಚಿಕಿತ್ಸೆಗೆ ವ್ಯಯವಾದ ವಿಕಿರಣವೂ ಹಣ ಕೊಟ್ಟು ತಂದದ್ದೇ.