ಬುತ್ತಿಗಂಟು ಮನೆಯಲ್ಲೇ ಇರಲಿ

'ಈ ಭಾನುವಾರ ದೇವರಿಗೆ ಹೋಗಿ ಬರೋಣ' ಅಂತ ಮನೆಯ ಯಜಮಾನರು ಹೇಳಿದರೆ ಮಕ್ಕಳಿಗೆ ಕೇಳಿಸುವುದು ಒಂದು, ನಮಗೆ ಕೇಳಿಸುವುದು ಇನ್ನೊಂದು. ಹಿಂದಿನ ರಾತ್ರಿಯೇ ಕಾಯಿಪಲ್ಯ ಹೆಚ್ಚಿಡಬೇಕು. ನಸುಕಿನಲ್ಲಿ ಎದ್ದು ಇಪ್ಪತ್ತೈದು ಚಪಾತಿ ಮಾಡಬೇಕು. ಶೇಂಗಾ ಹಿಂಡಿ, ಮೊಸರನ್ನ, ಅತ್ತೆಯವರಿಗೆ ಖಾರ ಕಡಿಮೆ ಇರುವ ಪಲ್ಯ, ಸಣ್ಣವನಿಗೆ ಬಿಸ್ಕತ್ತು, ಎಲ್ಲರಿಗೂ ನೀರು. ದೇವಸ್ಥಾನಕ್ಕೆ ಮುಟ್ಟಿದ ಮೇಲೆ ಚೀಲ ಕಾಯುವವರು ಯಾರು? ಚಪ್ಪಲಿ ಕಾಯುವವರು ಯಾರು? ಮರದ ಕೆಳಗೆ ಚಾದರ ಹಾಸಿ ಬಡಿಸುವವರು ಯಾರು? ರಾತ್ರಿ ಮನೆಗೆ ಬಂದು ಡಬ್ಬಿ ತೊಳೆಯುವವರು ಯಾರು? ಉತ್ತರ ನಿಮಗೇ ಗೊತ್ತು. ನಾಲ್ಕು ಗೋಡೆಯೊಳಗಿನ ಅಡುಗೆಮನೆಗೆ ನಾಲ್ಕು ಗಾಲಿ ಹಚ್ಚಿದರೆ ಅದಕ್ಕೆ ನಾವು 'ಯಾತ್ರೆ' ಅಂತೀವಿ.

ದೇವರ ಮೇಲೆ ನನ್ನ ತಕರಾರಿಲ್ಲ ಗೆಳತಿಯರೇ, ತಕರಾರು ಇರುವುದು ನಾವು ಹೋಗುವ ರೀತಿಯ ಮೇಲೆ. ದೇವರ ಊರಿಗೆ ಹೋಗುತ್ತೇವೆ, ದೇವರನ್ನು ಅರ್ಧ ನಿಮಿಷ ನೋಡುತ್ತೇವೆ, ಊರನ್ನು ನೋಡುವುದೇ ಇಲ್ಲ.

ಇದು ನನಗೆ ಮೊದಲು ಹೊಳೆದದ್ದು ತಮಿಳುನಾಡಿನಲ್ಲಿ. ನಮ್ಮ ಕಲಬುರಗಿಯಿಂದಲೂ ಈಗ ಟೂರ್ ಪ್ಯಾಕೇಜಿನವರು ಕುಂಭಕೋಣ, ಶ್ರೀರಂಗ, ರಾಮೇಶ್ವರ ಅಂತ ಕರೆದೊಯ್ಯುತ್ತಾರಲ್ಲ, ಹಾಗೆ ಒಮ್ಮೆ ಹೋಗಿದ್ದೆವು. ಅಲ್ಲಿನ ಹೆಚ್ಚಿನ ಗುಡಿಗಳು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸಂಜೆ ನಾಲ್ಕಕ್ಕೆ. ಹಾಗಾಗಿ ಬೆಳಿಗ್ಗೆ ಐದಕ್ಕೇ ಎಬ್ಬಿಸಿ ಓಡಿಸುತ್ತಾರೆ. ಕುಂಭಕೋಣದಲ್ಲಿ ಒಂದು ದಿನ ನಮ್ಮ ವ್ಯಾನು ಕೆಟ್ಟಿತು. ಉಳಿದವರೆಲ್ಲ ಲಾಡ್ಜಿನಲ್ಲಿ ಮಲಗಿದರು. ನಾನೂ ನಮ್ಮ ನೆಗೆಣ್ಣಿಯೂ ಮಹಾಮಹಂ ಕೊಳದ ಸುತ್ತ ನಡೆದೆವು. ಹನ್ನೆರಡು ವರ್ಷಕ್ಕೊಮ್ಮೆ ಲಕ್ಷಗಟ್ಟಲೆ ಜನ ಮುಳುಗುವ ಕೊಳ ಅದು; ಕಳೆದ ಸಲ ಆದದ್ದು 2016ರಲ್ಲಿ. ಆ ಮಧ್ಯಾಹ್ನ ಮಾತ್ರ ಮೆಟ್ಟಿಲ ಮೇಲೆ ನಾವಿಬ್ಬರೇ. ಪಕ್ಕದ ಓಣಿಯಲ್ಲಿ ಹಿತ್ತಾಳೆ ಲೋಟದಲ್ಲಿ ಫಿಲ್ಟರ್ ಕಾಫಿ ಕುಡಿದು, ಹೂ ಕಟ್ಟುವ ಅಜ್ಜಿಯ ಕೈಬೆರಳು ನೋಡುತ್ತ ಕೂತೆವು. ಒಂದು ಮಾತೂ ಭಾಷೆ ತಿಳಿಯಲಿಲ್ಲ. ಇಡೀ ಟೂರಿನಲ್ಲಿ ನನಗೆ ಇವತ್ತಿಗೂ ನೆನಪಿರುವುದು ಆ ಎರಡು ತಾಸು.

ಅಷ್ಟು ದೂರ ಹೋಗಲು ಎಲ್ಲರಿಗೂ ಆಗುವುದಿಲ್ಲ, ಹೋಗಬೇಕಂತಲೂ ಇಲ್ಲ. ನಮ್ಮ ಮಗ್ಗುಲಲ್ಲೇ ಒಂದು ಊರಿದೆ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ. ನಾನಿರುವ ನಂದೂರಿನಿಂದ ಕಲಬುರಗಿ ಬಸ್ ಸ್ಟ್ಯಾಂಡಿಗೆ ಬಂದು ಹತ್ತಿದರೆ ಮುಂದೆ 40 ಕಿಲೋಮೀಟರ್ ಆಸುಪಾಸು. ಮಹಾರಾಷ್ಟ್ರದ ಜನ ರಾತ್ರಿಯೆಲ್ಲ ರೈಲಿನಲ್ಲಿ ಕೂತು, ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಮತ್ತೆ ಗಾಡಿ ಹಿಡಿದು ಬರುತ್ತಾರೆ. ನಾವು ಪಕ್ಕದಲ್ಲೇ ಇದ್ದವರು 'ಅಯ್ಯೋ, ಗಾಣಗಾಪುರಾನಾ, ಹತ್ತು ಸಲ ನೋಡೀವಿ' ಅಂತೀವಿ. ನಿಜ, ಹತ್ತು ಸಲ ಪಾಳಿ ಹಚ್ಚಿ, ಸಣ್ಣ ಕಿಂಡಿಯಿಂದ ಪಾದುಕೆ ನೋಡಿ, ಬುತ್ತಿ ಬಿಚ್ಚಿ ಉಂಡು ಬಂದಿದ್ದೇವೆ. ಆದರೆ ಊರು ನೋಡಿದ್ದೇವಾ?

ನರಸಿಂಹ ಸರಸ್ವತಿ ಸ್ವಾಮಿಗಳು ಹದಿನೈದನೇ ಶತಮಾನದಲ್ಲಿ ಈ ಊರಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಇದ್ದರು. ಹುಟ್ಟಿದ್ದು ವಿದರ್ಭದ ಕಾರಂಜಾದಲ್ಲಿ. ನರಸೋಬವಾಡಿಯಲ್ಲಿ ಇದ್ದು ಆಮೇಲೆ ಇಲ್ಲಿಗೆ ಬಂದವರು. ಅವರ ಕಥೆ ಹೇಳುವ ಗುರುಚರಿತ್ರೆ ಮರಾಠಿಯಲ್ಲಿದೆ. ಬರೆದ ಸರಸ್ವತಿ ಗಂಗಾಧರರು ಮಾತ್ರ ಕನ್ನಡದ ಮನೆತನದವರು, ನಮ್ಮ ಆಳಂದ ತಾಲ್ಲೂಕಿನ ಕಡಗಂಚಿಯವರು ಅಂತ ಹೇಳುತ್ತಾರೆ. ಅದೇ ಕಡಗಂಚಿ, ಈಗ ಕೇಂದ್ರೀಯ ವಿಶ್ವವಿದ್ಯಾಲಯ ಇರುವ ಊರು. ಈ ಪುಸ್ತಕವನ್ನು ಹೆಂಗಸರು ಓದಬಾರದು ಅಂತ ಕೆಲವು ಮನೆತನಗಳಲ್ಲಿ ಇವತ್ತಿಗೂ ಕಟ್ಟಪ್ಪಣೆ ಇದೆ. ನನಗೆ ಇದು ಸೋಜಿಗ. ಯಾಕೆಂದರೆ ಸ್ವಾಮಿಗಳು ಊರೊಳಗೆ ಬಂದು ನೆಲೆಸಲು ಕಾರಣಳೇ ಒಬ್ಬ ಗೃಹಿಣಿ.

ಕಥೆ ಹೀಗಿದೆ. ಸ್ವಾಮಿಗಳು ಮೊದಲು ಊರ ಹೊರಗೆ, ಭೀಮಾ ಮತ್ತು ಅಮರಜಾ ನದಿ ಕೂಡುವ ಸಂಗಮದಲ್ಲಿ ಇದ್ದರು. ಮಧ್ಯಾಹ್ನ ಭಿಕ್ಷೆಗೆ ಊರಿಗೆ ಬರುವರು. ಒಂದು ದಿನ ಕಡುಬಡವ ಬ್ರಾಹ್ಮಣನ ಮನೆಯ ಮುಂದೆ ನಿಂತರು. ಗಂಡ ಕಾಳು ತರಲು ಹೊರಗೆ ಹೋಗಿದ್ದ. ಮನೆಯಲ್ಲಿ ಹೆಂಡತಿ ಒಬ್ಬಳೇ, ಕೊಡಲು ಏನೂ ಇಲ್ಲ. 'ಕಟ್ಟಿದ ಎಮ್ಮೆ ಇದೆಯಲ್ಲ, ಹಾಲು ಕೊಡು' ಅಂದರು. 'ಅದು ಗೊಡ್ಡೆಮ್ಮೆ ಸ್ವಾಮೀ, ಹಲ್ಲೂ ಉದುರಿವೆ, ಮಣ್ಣು ಹೊರಲಿಕ್ಕೆ ಇಟ್ಟುಕೊಂಡೀವಿ' ಅಂದಳು. 'ಕರೆದು ನೋಡು' ಅಂದರು. ಕರೆದಳು, ಎರಡು ಪಾತ್ರೆ ತುಂಬಿತು. ಸುದ್ದಿ ಊರ ತುಂಬ ಹಬ್ಬಿ ಅರಸನವರೆಗೆ ಹೋಯಿತು. ಅವನು ಬಂದು ಸ್ವಾಮಿಗಳನ್ನು ಊರೊಳಗೆ ಕರೆತಂದು ಮಠ ಕಟ್ಟಿಸಿಕೊಟ್ಟ. ಪವಾಡ ನಂಬುವುದು ಬಿಡುವುದು ಅವರವರ ಭಾವಕ್ಕೆ ಬಿಟ್ಟದ್ದು. ನಾನು ನೋಡುವುದು ಆ ಹೆಂಗಸನ್ನು. ಮನೆಯಲ್ಲಿ ಕಾಳಿಲ್ಲ, ಗಂಡ ಇಲ್ಲ, ಬಾಗಿಲಿಗೆ ಹಸಿದವರು ಬಂದು ನಿಂತಿದ್ದಾರೆ. ಇಂಥ ಹೊತ್ತು ಯಾವ ಮನೆಯ ಹೆಣ್ಣುಮಗಳಿಗೆ ಬಂದಿಲ್ಲ ಹೇಳಿ?

ಅವತ್ತಿನ ಆ ಮಧ್ಯಾಹ್ನ ಗಾಣಗಾಪುರದಲ್ಲಿ ಇವತ್ತಿಗೂ ನಡೆಯುತ್ತಿದೆ. ಅದಕ್ಕೆ ಮಾಧುಕರಿ ಅಂತಾರೆ. ದುಂಬಿ ಹೂವಿಂದ ಹೂವಿಗೆ ಹೋದಂತೆ ಮನೆಯಿಂದ ಮನೆಗೆ ಹೋಗಿ ಕೇಳುವ ಭಿಕ್ಷೆ, ಕಡಿಮೆಯೆಂದರೆ ಐದು ಮನೆ. ಸ್ವಾಮಿಗಳು ಈಗಲೂ ಯಾವುದೋ ವೇಷದಲ್ಲಿ ಮಧ್ಯಾಹ್ನ ಭಿಕ್ಷೆಗೆ ಬರುತ್ತಾರೆ ಎನ್ನುವುದು ಊರಿನ ನಂಬಿಕೆ. ಹಾಗಾಗಿ ಕೇಳಿ ಬಂದವರನ್ನು ಬರಿಗೈಲಿ ಕಳಿಸುವ ಧೈರ್ಯ ಯಾರಿಗೂ ಇಲ್ಲ. ಪುಣೆಯಿಂದ ಕಾರಿನಲ್ಲಿ ಬಂದ ಸಾಹುಕಾರನೂ ಜೋಳಿಗೆ ಹಿಡಿಯಬೇಕು, ಬಸ್ಸಿಗೆ ದುಡ್ಡಿಲ್ಲದವನೂ ಹಿಡಿಯಬೇಕು. ಹೆಂಗಸರೂ ಹಿಡಿಯುತ್ತಾರೆ.

ನಾನು ನಿಮಗೆ ಹೇಳಬೇಕೆಂದಿರುವುದು ಇದನ್ನೇ. ಒಮ್ಮೆ ಬುತ್ತಿ ಕಟ್ಟದೆ ಹೋಗಿ ಆ ಜೋಳಿಗೆ ಹಿಡಿದು ನೋಡಿ.

ಮೊದಲ ಮನೆಯ ಮುಂದೆ ನನಗೆ ಬಾಯಿಯೇ ಬರಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷ, ದಿನಕ್ಕೆ ಮೂರು ಹೊತ್ತು ಬಡಿಸಿದ ಕೈ ಇದು. ಚಾಚಿ ಗೊತ್ತಿಲ್ಲ. ತವರಿನಲ್ಲೂ ಈಗ ನಾನೇ ಅಡುಗೆಮನೆ ಹೊಕ್ಕು ಬಡಿಸುತ್ತೇನೆ. ಬಾಗಿಲಲ್ಲಿ ಒಬ್ಬ ಅವ್ವ ಬಂದರು, ಅರವತ್ತರ ಮೇಲಿರಬೇಕು, ಹಿಟ್ಟಿನ ಕೈ.

"ಎಲ್ಲಿಂದ ಬಂದೀಯವ್ವಾ?"

"ಕಲಬುರಗಿಯಿಂದರೀ."

"ಹಂಗಾರ ನಮ್ಮಾಕೀನೇ. ಮರಾಠಿ ಮಾತಾಡಿ ಮಾತಾಡಿ ನಾಲಿಗಿ ಒಣಗ್ಯಾದ ನಂದು. ತಡಿ, ಬಿಸಿ ರೊಟ್ಟಿ ಹಾಕ್ತೀನಿ."

ಐದು ಮನೆ ಮುಗಿಯುವ ಹೊತ್ತಿಗೆ ಜೋಳಿಗೆಯಲ್ಲಿ ಜೋಳದ ರೊಟ್ಟಿ, ಚಪಾತಿ ತುಣುಕು, ಅನ್ನ, ಎರಡು ಥರದ ಪಲ್ಯ ಎಲ್ಲ ಕೂಡಿ ಒಂದಾಗಿತ್ತು. ಉಪ್ಪು ಒಂದು ಮನೆಯದು ಹೆಚ್ಚು, ಇನ್ನೊಂದು ಮನೆಯದು ಕಡಿಮೆ. ಬೇರೆಯವರು ಮಾಡಿದ್ದನ್ನು, 'ನಿಮಗೇನು ಬೇಕು' ಅಂತ ಯಾರೂ ನನ್ನನ್ನು ಕೇಳದೆ, ನಾನೂ ಯಾರಿಗೂ ಬಡಿಸದೆ, ನೆರಳಲ್ಲಿ ಕೂತು ಉಂಡೆ. ಅಹಂಕಾರ ಕಳೆಯಲಿ ಅಂತ ಮಾಧುಕರಿ ಮಾಡಿಸುತ್ತಾರೆ ಎನ್ನುತ್ತಾರೆ ತಿಳಿದವರು. ಗಂಡಸರಿಗೆ ಅದು ಸರಿ. ಕೊಡುವುದೇ ಕೆಲಸವಾದ ನಮ್ಮಂಥವರಿಗೆ ಕಳೆಯಬೇಕಾದದ್ದು ಅಹಂಕಾರ ಅಲ್ಲ, ಸಂಕೋಚ. ತೆಗೆದುಕೊಳ್ಳುವ ಸಂಕೋಚ.

ಆ ಬಾಗಿಲುಗಳ ಒಳಗಿರುವ ಹೆಂಗಸರ ಬಗ್ಗೆಯೂ ಯೋಚಿಸಬೇಕು. ನಮಗೆ ವರ್ಷಕ್ಕೊಂದು ದಿನದ ಯಾತ್ರೆ, ಅವರಿಗೆ ದಿನಾ ಮಧ್ಯಾಹ್ನ ಇದೇ ಕೆಲಸ. ಹುಣ್ಣಿಮೆ, ಗುರುವಾರ, ದತ್ತ ಜಯಂತಿ ಬಂದರೆ ಕೇಳುವುದೇ ಬೇಡ. ಆದ್ದರಿಂದ ಒಂದು ಮನೆಯಲ್ಲಿ ಕೊಟ್ಟಷ್ಟು ತಗೊಳ್ಳಿ, 'ಸಿಹಿ ಇಲ್ವಾ' ಅಂತ ಕೇಳಬೇಡಿ (ಕೇಳಿದವರನ್ನು ಕಣ್ಣಾರೆ ಕಂಡಿದ್ದೇನೆ!). ಎರಡು ನಿಮಿಷ ನಿಂತು ಮಾತಾಡಿ. ಹೋಗುವಾಗ ಕಿಲೋ ಜೋಳದ ಹಿಟ್ಟೋ ಬೇಳೆಯೋ ಒಯ್ದು ಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ.

ಇನ್ನೊಂದು ಮಾತು ಹೇಳದೆ ಬಿಟ್ಟರೆ ತಪ್ಪಾದೀತು. ಗಾಣಗಾಪುರಕ್ಕೆ 'ಗಾಳಿ ಸೋಕಿದವರನ್ನು' ಕರೆತರುತ್ತಾರೆ. ಆರತಿ ಹೊತ್ತಿಗೆ ಕೂಗಾಟ, ಕಂಬ ಹತ್ತುವುದು, ತಲೆ ಕೆದರಿಕೊಂಡು ಉರುಳುವುದು ನೀವೂ ನೋಡಿರಬಹುದು. ನನ್ನ ಕಣ್ಣಿಗೆ ಬಿದ್ದವರಲ್ಲಿ ಹೆಂಗಸರೇ ಹೆಚ್ಚು. ಒಟ್ಟಿನಲ್ಲಿ ಹೆಣ್ಣು ಈ ಊರಿಗೆ ಬರುವುದು ಎರಡೇ ರೀತಿ ನೋಡಿ, ಒಬ್ಬಳು ಬುತ್ತಿ ಹೊತ್ತುಕೊಂಡು, ಇನ್ನೊಬ್ಬಳು ರಟ್ಟೆ ಹಿಡಿಸಿಕೊಂಡು. ತನ್ನ ಕಾಲಲ್ಲಿ, ತನ್ನ ಇಷ್ಟಕ್ಕೆ ಬಂದವಳು ಸಾವಿರಕ್ಕೊಬ್ಬಳು.

ಹಾಗೆ ಕೂಗುವವಳ ಸುತ್ತ ಜನ ಮೊಬೈಲ್ ಹಿಡಿದು ನಿಲ್ಲುತ್ತಾರಲ್ಲ, ಅದು ನನಗೆ ಸೇರುವುದಿಲ್ಲ. ಅವಳೂ ಯಾರದೋ ಮನೆಯ ಸೊಸೆ. ಬಾಣಂತನದ ನಂತರವೋ, ಕೂಸು ಕಳೆದುಕೊಂಡ ಮೇಲೋ, ವರ್ಷಗಟ್ಟಲೆ ನಿದ್ದೆಗೆಟ್ಟೋ ಮನಸ್ಸು ಹಣ್ಣಾದವಳಿರಬಹುದು. ದತ್ತನ ಮೇಲೆ ನಂಬಿಕೆ ಇದ್ದರೆ ಕರೆತರಲಿ, ಬೇಡ ಅನ್ನುವುದಕ್ಕೆ ನಾನು ಯಾರು? ಆದರೆ ಡಾಕ್ಟರ ಹತ್ತಿರವೂ ಕರೆದೊಯ್ಯಲಿ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. 2022ರ ಅಕ್ಟೋಬರಿನಲ್ಲಿ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಓಣಿಯಲ್ಲಿ ಅಂಥವರು ಇದ್ದರೆ ಈ ನಂಬರ್ ಒಂದು ಚೀಟಿಯಲ್ಲಿ ಬರೆದು ಕೊಡಿ. ಹರಕೆಯ ಜೊತೆಗೆ ಅದೂ ಇರಲಿ.

ಹೊರಡುವುದಾದರೆ ಕೆಲವು ಸೂಚನೆಗಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿನ ಚಿಂತೆ ಇಲ್ಲ. ಆಧಾರ್ ಕಾರ್ಡ್ ಒಂದಿದ್ದರೆ ಸಾಕು. ರಾಜಹಂಸ, ಎಸಿ ಬಸ್ಸುಗಳಿಗೆ ಇದು ನಡೆಯುವುದಿಲ್ಲ, ಗಾಣಗಾಪುರಕ್ಕೆ ಅವು ಬೇಕಾಗಿಯೂ ಇಲ್ಲ. 'ಪುಕ್ಕಟೆ ಅಂತ ಹೆಂಗಸರು ತಿರುಗಾಡ್ತಾರೆ' ಅಂತ ಬಸ್ಸಿನಲ್ಲೇ ಗೊಣಗುವವರು ಸಿಗುತ್ತಾರೆ. ಗೊಣಗಲಿ ಬಿಡಿ, ಕಿಟಕಿ ಪಕ್ಕದ ಸೀಟು ಹಿಡಿದು ಕೂಡಿ. ಒಬ್ಬರೇ ಹೋಗಲು ಅಳುಕಾದರೆ ಪಕ್ಕದ ಮನೆಯವರನ್ನು ಜೊತೆ ಮಾಡಿಕೊಳ್ಳಿ, ಆದರೆ ಇಬ್ಬರಲ್ಲಿ ಒಬ್ಬರೂ ಡಬ್ಬಿ ತರಬಾರದು ಅಂತ ಕರಾರು ಮಾಡಿಕೊಳ್ಳಿ.

ಗುರುವಾರ, ಹುಣ್ಣಿಮೆ, ಅಮಾವಾಸ್ಯೆ ಬಿಟ್ಟು ಮಂಗಳವಾರವೋ ಬುಧವಾರವೋ ಹೋದರೆ ಕಾಲಿಡಲು ಜಾಗ ಇರುತ್ತದೆ. ಮೊದಲು ಸಂಗಮಕ್ಕೆ ಹೋಗಿ. ಊರಿಂದ ಮೂರು ಕಿಲೋಮೀಟರಿನಷ್ಟಿದೆ, ಆಟೋ ಸಿಗುತ್ತವೆ. ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ಅಲ್ಲಿ ಔದುಂಬರದ ಕೆಳಗೆ ಗುರುಚರಿತ್ರೆ ಪಾರಾಯಣಕ್ಕೆ ಕೂತವರ ಪಕ್ಕದಲ್ಲಿ ಸುಮ್ಮನೆ ಅರ್ಧ ತಾಸು ಕೂತರೂ ಯಾರೂ ಎಬ್ಬಿಸುವುದಿಲ್ಲ. ಹೊಳೆಯಲ್ಲಿ ಮುಳುಗಲೇಬೇಕೆಂದಿಲ್ಲ. ದಂಡೆಯ ಮೇಲೆ ಒದ್ದೆ ಸೀರೆ ಬದಲಿಸುವ ಪಾಡು ನಮಗೆಲ್ಲ ಗೊತ್ತು. ಪಾದ ತೊಳೆದು ತಲೆಗೆ ನೀರು ಚಿಮುಕಿಸಿಕೊಂಡರೆ ಭೀಮೆ ಬೇಜಾರಾಗುವುದಿಲ್ಲ. ಮಳೆಗಾಲದಲ್ಲಂತೂ ಇಳಿಯಲೇಬೇಡಿ. ಮಹಾರಾಷ್ಟ್ರದ ಕಡೆ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. 2020ರ ಅಕ್ಟೋಬರಿನಲ್ಲಿ ಅಫಜಲಪುರ ತಾಲ್ಲೂಕಿನ ಎಷ್ಟೋ ಊರುಗಳಿಗೆ ನೀರು ನುಗ್ಗಿದ್ದು ಮರೆತಿಲ್ಲ ತಾನೇ?

'ಅಭಿಷೇಕ ಮಾಡಿಸ್ತೀವಿ, ದೋಷ ತೆಗೀತೀವಿ' ಅಂತ ಹಿಂದೆ ಬೀಳುವವರು ಎಲ್ಲ ಕ್ಷೇತ್ರಗಳಲ್ಲೂ ಇದ್ದಾರೆ. ಸೇವೆ ಮಾಡಿಸುವುದಿದ್ದರೆ ದೇವಸ್ಥಾನದ ಕೌಂಟರಿಗೆ ಹೋಗಿ, ರಸೀದಿ ಕೇಳಿ. ಇಲ್ಲವಾದರೆ 'ಊರು ನೋಡಲಿಕ್ಕೆ ಬಂದೀನ್ರಿ' ಅನ್ನಿ. ಈ ಉತ್ತರಕ್ಕೆ ಅವರ ಹತ್ತಿರ ಮರುಮಾತಿಲ್ಲ. ಹನ್ನೆರಡರ ಹೊತ್ತಿಗೆ ಮಠದ ಸುತ್ತಿನ ಓಣಿಗಳಿಗೆ ಬಂದುಬಿಡಿ. ಜೋಳಿಗೆಗೆ ಒಗೆದ ಹತ್ತಿ ಬಟ್ಟೆ ಒಂದು, ಪಲ್ಯಕ್ಕೆ ಸಣ್ಣ ಸ್ಟೀಲ್ ಡಬ್ಬಿ ಒಂದು, ಖಾಲಿಯದು. ಪಾಲಿಥೀನ್ ಚೀಲ ಬೇಡ.

'ನಾನು ಹೋದರೆ ಮನೆಯಲ್ಲಿ ಮಧ್ಯಾಹ್ನದ ಊಟ ಯಾರು ಮಾಡ್ತಾರೆ?' ನನಗೆ ಗೊತ್ತಿತ್ತು, ನೀವು ಇಲ್ಲಿಗೇ ಬರುತ್ತೀರಿ ಅಂತ. ನಮ್ಮ ಕಲಬುರಗಿಯಲ್ಲಿ ಯಾವ ಓಣಿಗೆ ಹೋದರೂ ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಹತ್ತು ರೊಟ್ಟಿ ಕೊಂಡಿಟ್ಟು, ಮೊಸರು ಎಲ್ಲಿದೆ, ಶೇಂಗಾ ಹಿಂಡಿ ಯಾವ ಡಬ್ಬಿಯಲ್ಲಿದೆ ಅಂತ ಒಮ್ಮೆ ತೋರಿಸಿ ಹೊರಡಿ. ಒಮ್ಮೆ ಮಾತ್ರ ತೋರಿಸಿ. ಬಸ್ಸು ಹತ್ತಿದ ಮೇಲೆ 'ಉಪ್ಪಿನಕಾಯಿ ಎಲ್ಲಿದೆ' ಅಂತ ಫೋನ್ ಬಂದರೆ, ಆ ಕಡೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ ಅಂತ ಮೊದಲೇ ಹೇಳಿಟ್ಟಿರಿ.